ಚಾಮುಂಡಿ ಬೆಟ್ಟಕ್ಕೆ ಓಡೋಣವೇ?

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ್ದು. ಬೆಳಗ್ಗೆ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ-ಕುಂಕುಮ ಹಚ್ಚುತ್ತಾ ಹತ್ತುವವರ ಪಕ್ಕದಲ್ಲೇ ಬೂಟು ಬಿಗಿದು ಓಡುವವರೂ ಸಿಗುತ್ತಾರೆ.

ಮಕ್ಕಳೇ, ಮೊದಲ ನೂರಕ್ಕೇ ದಮ್ಮು ಮುಗಿಸಬೇಡಿ. 700ರ ಆಸುಪಾಸಿನಲ್ಲಿ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ ಕೂತಿದ್ದಾನೆ. ಅಲ್ಲಿ ನಿಂತು ಅಜ್ಜನಿಗೆ ಕಾಯಿರಿ.

ಅಜ್ಜ-ಅಜ್ಜಿಯರೇ, ಹತ್ತುವಾಗ ಏದುಸಿರು, ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ. ವಾಪಸು ಬರಲು ಸಿಟಿ ಬಸ್ಸಿದೆ, ಸಂಕೋಚ ಬೇಡ! ಮಂಡಿನೋವಿದ್ದರೆ ಕುಕ್ಕರಹಳ್ಳಿ ಕೆರೆಯ ದಂಡೆಯೇ ವಾಸಿ: ಮಟ್ಟಸ ದಾರಿ, ಮರದ ನೆರಳು, ನೀರಿನಲ್ಲಿ ಹೆಜ್ಜಾರ್ಲೆಗಳು. ಕುವೆಂಪು ಅಡ್ಡಾಡುತ್ತಿದ್ದ ಜಾಗ ಅದು.

ಬೆಟ್ಟದ ಕಾಡಿನಲ್ಲಿ ಚಿರತೆಗಳೂ ಇವೆ. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ; ಮೊಮ್ಮಕ್ಕಳು ಕಣ್ಣಳತೆ ದಾಟಿ ಓಡದಿರಲಿ.