ಒಬ್ಬೊಬ್ಬರ ಕಿವಿಗೂ ಒಂದೊಂದು ಅಳತೆ

ಹೋಟೆಲು ಉದ್ಯಮದಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೋಸೆಯ ಹಿಟ್ಟು ಒಂದೇ. ಆದರೆ ಒಬ್ಬ ಗಿರಾಕಿಗೆ ಅದು ಗರಿಗರಿಯಾಗಬೇಕು, ಇನ್ನೊಬ್ಬನಿಗೆ ಮೆತ್ತಗಿರಬೇಕು, ಮತ್ತೊಬ್ಬನಿಗೆ ಈರುಳ್ಳಿ ಕೂಡದು. ನೂರಾರು ಜನಕ್ಕೆ ಬಡಿಸುತ್ತಲೇ ಒಬ್ಬೊಬ್ಬರ ಇಚ್ಛೆಯನ್ನೂ ನಡೆಸಿಕೊಡುವ ಈ ರೀತಿಯನ್ನು ಕೈಗಾರಿಕೆಯವರು ‘ಮಾಸ್ ಕಸ್ಟಮೈಸೇಶನ್’ ಎಂದು ಕರೆಯುತ್ತಾರೆ.

ಕಾರ್ಖಾನೆಗೆ ಇದು ಸುಲಭಸಾಧ್ಯವಲ್ಲ. ಕೆಟ್ಟ ದೋಸೆಯನ್ನು ತೆಗೆದಿಟ್ಟು ಮತ್ತೊಂದನ್ನು ಹೊಯ್ಯಬಹುದು. ಯಂತ್ರವನ್ನು ಪ್ರತಿಯೊಬ್ಬನಿಗೂ ಮಾಡಿ, ಕೆಡಿಸಿ, ಮತ್ತೆ ಮಾಡುತ್ತ ಹೋದರೆ ಅದರ ಬೆಲೆ ಬಡವನ ಕೈಗೆಟುಕದು. ಆದುದರಿಂದ ವಸ್ತುವನ್ನು ಮೊದಲು ಗಣಕಯಂತ್ರದ ಪರದೆಯ ಮೇಲೆಯೇ ರಚಿಸಿ ಪರೀಕ್ಷಿಸುವ ಪದ್ಧತಿ ಬಂದಿತು. ಕಣ್ಣಿಗೆ ಕಾಣುವ, ಕೈಗೆ ಸಿಗದ ಈ ಮಾದರಿಗೆ ‘ವರ್ಚುಯಲ್ ಪ್ರೋಟೋಟೈಪ್’ ಎಂದು ಹೆಸರು. ಜಪಾನಿನ ನ್ಯಾಷನಲ್ ಬೈಸಿಕಲ್ ಕಂಪೆನಿಯು 1987ರಲ್ಲಿಯೇ ಗಿರಾಕಿಯ ಮೈಯಳತೆಯನ್ನು ಅಂಗಡಿಯಲ್ಲಿ ತೆಗೆದು, ಗಣಕಯಂತ್ರದಿಂದ ನಕ್ಷೆ ಬರೆಯಿಸಿ, ಎರಡು ವಾರಗಳಲ್ಲಿ ಅವನದೇ ಅಳತೆಯ ಸೈಕಲನ್ನು ಒಪ್ಪಿಸತೊಡಗಿತು.

ಇದರ ನಿಜವಾದ ಉಪಕಾರ ತಿಳಿಯುವುದು ಶ್ರವಣಯಂತ್ರದಲ್ಲಿ. ಒಬ್ಬನದೇ ಎಡಗಿವಿ ಬಲಗಿವಿಗಳು ಸಹ ಸರಿಸಮವಲ್ಲ. ಕಿವಿಯೊಳಗೆ ಕೂರುವ ಕವಚ ಬಿಗಿಯಾದರೆ ನೋವು. ಸಡಿಲವಾದರೆ ಶಬ್ದವು ಹೊರಕ್ಕೆ ಸೋರಿ, ಮರಳಿ ಮೈಕ್ರೊಫೋನನ್ನು ಹೊಕ್ಕು, ಸಿಳ್ಳೆಯಾಗುತ್ತದೆ. ಹಿಂದೆ ಇಂತಹ ಕವಚವನ್ನು ಕುಶಲ ಕೆಲಸಗಾರರು ಕೈಯಿಂದಲೇ ಉಜ್ಜಿ ಸರಿಪಡಿಸುತ್ತಿದ್ದರು. 2000ದಿಂದೀಚೆಗೆ ಕಿವಿಯ ಅಚ್ಚನ್ನು ಲೇಸರ್ ಬೆಳಕಿನಿಂದ ಅಳೆದು ಪರದೆಗೆ ತರುವ ಕ್ರಮ ರೂಢಿಗೆ ಬಂದಿದೆ. ಕವಚದ ದಪ್ಪವೆಷ್ಟು, ಬ್ಯಾಟರಿ ಎಲ್ಲಿ, ಗಾಳಿಯ ರಂಧ್ರ ಎಲ್ಲಿ, ಒಂದು ಭಾಗ ಇನ್ನೊಂದಕ್ಕೆ ತಾಗುವುದೇ ಎಂಬುದನ್ನೆಲ್ಲ ಅಲ್ಲಿಯೇ ನೋಡಿ ತಿದ್ದುತ್ತಾರೆ. ಅನಂತರ ಮುದ್ರಣಯಂತ್ರವು ದ್ರವರೂಪದ ರಾಳವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸಿ ಕವಚವನ್ನು ರೂಪಿಸುತ್ತದೆ. ಒಂದೇ ಸಲಕ್ಕೆ ಅನೇಕ ಕವಚಗಳು ಸಿದ್ಧವಾದರೂ ಒಂದರಂತೆ ಇನ್ನೊಂದಿರುವುದಿಲ್ಲ.

ಹಾಗಾದರೆ ಕೈಕಸುಬಿನವನ ಪಾಡೇನು? ಉಜ್ಜುವ ಕೆಲಸ ಕಡಿಮೆಯಾಯಿತು, ನಿಜ. ಆದರೆ ಎಲ್ಲಿ ಎಷ್ಟು ಬಿಡಬೇಕೆಂಬ ತಿಳಿವು ಪರದೆಯ ಮುಂದೆಯೂ ಬೇಕು. ಮೇಲಾಗಿ, ಅಚ್ಚು ತಪ್ಪಿದರೆ ಗಣಕಯಂತ್ರವು ಆ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ವಿನಂತಿ. ಊರಿನಲ್ಲಿರುವ ತಂದೆತಾಯಿಯರಿಗೆ ಕಷ್ಟಾರ್ಜಿತದಿಂದ ಇಂತಹ ಯಂತ್ರವನ್ನು ಕೊಡಿಸುವವರು, ಅಚ್ಚು ತೆಗೆಯುವಾಗ ಅವರು ಅವಸರಪಡದಂತೆ ನೋಡಿಕೊಳ್ಳಬೇಕು. ನೋವಾದರೆ, ಸಿಳ್ಳೆ ಬಂದರೆ, ಸಂಕೋಚಪಡದೆ ಹಿಂದಕ್ಕೆ ಒಯ್ದು ಸರಿಮಾಡಿಸಬೇಕು. ಪೆಟ್ಟಿಗೆಯಲ್ಲಿಟ್ಟ ಶ್ರವಣಯಂತ್ರದಿಂದ ಯಾರಿಗೂ ಮಾತು ಕೇಳಿಸದು.