ಪ್ರವಾಸದಿಂದ ಆತ್ಮಪರಿಚಯ

ನಮ್ಮಲ್ಲಿ ಅನೇಕರ ಮದುವೆಗಳಲ್ಲಿ ವರನು ಕೊಡೆ, ಕೋಲು, ಪಾದರಕ್ಷೆಗಳೊಡನೆ ಕಾಶೀಯಾತ್ರೆಗೆ ಹೊರಡುವ ಶಾಸ್ತ್ರವೊಂದುಂಟು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕನ್ಯೆಯ ತಂದೆಯು ಅಡ್ಡಬಂದು, ಗೃಹಸ್ಥಾಶ್ರಮವೇ ಲೇಸೆಂದು ಹೇಳಿ, ಅವನನ್ನು ಹಿಂದಕ್ಕೆ ಕರೆತರುತ್ತಾನೆ. ಹಾಗೆ ಹಿಂದಿರುಗಿದವನಿಗೆ ಉದ್ಯೋಗ, ಮಕ್ಕಳು, ಸಾಲಸೋಲಗಳ ನಡುವೆ ಮತ್ತೆ ಹೊರಡಲು ಬಿಡುವು ದೊರೆಯುವುದು ಮುಪ್ಪಿನಲ್ಲಿಯೇ. ಅಷ್ಟರಲ್ಲಿ ಕಾಲಿನ ಕಸುವು ಉಡುಗಿರುತ್ತದೆ. ಯಾತ್ರೆಯನ್ನು ಇಷ್ಟು ದೂರ ಮುಂದೂಡುವುದು ಯುಕ್ತವೇ? ದೇಶ ಸುತ್ತಬೇಕು, ಕೋಶ ಓದಬೇಕೆಂದ ಹಿರಿಯರು ಅದಕ್ಕೆ ವಯಸ್ಸಿನ ಕಟ್ಟನ್ನೇನೂ ಹಾಕಲಿಲ್ಲ.

ಪ್ರವಾಸದಿಂದ ದೇಹಕ್ಕಾಗುವ ಲಾಭವು ವಾಚಕರಿಗೆ ತಿಳಿದದ್ದೇ. ನಡೆದು ದಣಿದವನಿಗೆ ಹಸಿವು ಹುಟ್ಟುತ್ತದೆ, ನಿದ್ರೆಯು ಕರೆಯದೆ ಬರುತ್ತದೆ. ಮನಸ್ಸಿಗಾಗುವ ಲಾಭವು ಇನ್ನೂ ದೊಡ್ಡದು. ಮನೆಯೊಳಗೆ ಒಂದೊಂದು ವಸ್ತುವೂ ಒಂದೊಂದು ಕೆಲಸವನ್ನು ನೆನಪಿಗೆ ತರುವುದರಿಂದ ಚಿಂತೆಗೆ ಕೊನೆಯೆಂಬುದಿಲ್ಲ. ಪರಸ್ಥಳದಲ್ಲಿ ಆ ನೆನಪುಗಳು ಬಿಟ್ಟುಹೋಗಿ, ಕಣ್ಣೂ ಕಿವಿಯೂ ಹೊಸದಾಗುತ್ತವೆ. ಆದರೆ ಗೃಹಿಣಿಯನ್ನು ಯಾತ್ರೆಗೆ ಕರೆದೊಯ್ದು, ಅಲ್ಲಿಯೂ ಮೂರು ಹೊತ್ತು ಒಲೆಯ ಮುಂದೆ ಕೂರಿಸಿದರೆ ಆಕೆಗೆ ಬಂದ ಫಲವೇನು? ಯಜಮಾನರು ಇದನ್ನು ಯೋಚಿಸಬೇಕು.

ಇನ್ನು, ತಾನು ಯಾರೆಂಬ ಅರಿವಿನ ಮಾತು. ಊರಿನಲ್ಲಿ ನಾವು ಇಂಥವರ ಮಗ, ಇಂಥ ಕಚೇರಿಯ ಅಧಿಕಾರಿ. ಪರಸ್ಥಳದಲ್ಲಿ ಈ ಬಿರುದುಗಳಿಗೆ ಬೆಲೆಯಿಲ್ಲ. ಉಳಿಯುವುದು ನಮ್ಮ ನಡತೆ, ನಮ್ಮ ನುಡಿ. ಕಾಂಚೀಪುರದ ಕೈಲಾಸನಾಥ ದೇವಾಲಯಕ್ಕೆ ಹೋದ ಕನ್ನಡಿಗನು ಅಲ್ಲಿನ ಕಂಬವೊಂದರ ಮೇಲೆ ಕನ್ನಡ ಶಾಸನವನ್ನು ಕಾಣುತ್ತಾನೆ. ಅದು 8ನೆಯ ಶತಮಾನದಲ್ಲಿ ಕಾಂಚಿಯನ್ನು ಗೆದ್ದ ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನದು. ಅವನು ದೇವಾಲಯದ ಐಶ್ವರ್ಯವನ್ನು ನೋಡಿ, ಅದನ್ನು ಸೂರೆಮಾಡದೆ ದೇವರಿಗೇ ಬಿಟ್ಟುಕೊಟ್ಟನೆಂದು ಶಾಸನವು ಹೇಳುತ್ತದೆ. ನಮ್ಮ ಹಿರಿಯರಲ್ಲಿ ಹೆಮ್ಮೆಪಡತಕ್ಕದ್ದು ಆ ಗೆಲುವೋ, ಈ ಸಂಯಮವೋ? ಕಂಬದೆದುರು ನಿಂತವನಿಗೆ ಉತ್ತರವು ತಾನೇ ಹೊಳೆಯುತ್ತದೆ.

ಕಥೆಯು ಅಲ್ಲಿಗೇ ಮುಗಿಯುವುದಿಲ್ಲ. ಆ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವು ಕಾಂಚಿಯ ಕೈಲಾಸನಾಥವನ್ನು ಬಹುಮಟ್ಟಿಗೆ ಹೋಲುತ್ತದೆ. ಎರಡನ್ನೂ ನೋಡಿದವನು, ತನ್ನದೆಂದು ಬೀಗುವ ಶಿಲ್ಪದಲ್ಲಿ ನೆರೆನಾಡಿನ ಋಣವೂ ಇದೆಯೆಂದು ಅರಿತು ವಿನಯವನ್ನು ಕಲಿಯುತ್ತಾನೆ. ಹಾಗೆಯೇ ಹನ್ನೊಂದು ಸಾವಿರ ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿರುವ ಕೇದಾರದಲ್ಲಿ ಪರಂಪರೆಯಿಂದ ರಾವಲರಾಗಿರುವವರು ಕರ್ನಾಟಕದ ವೀರಶೈವರು. ಹಿಮದ ನಾಡಿನಲ್ಲಿ ಕನ್ನಡದ ಮಾತೊಂದು ಕಿವಿಗೆ ಬಿದ್ದಾಗ ಆಗುವ ಆನಂದವು ಊರಿನಲ್ಲಿ ಕುಳಿತವನಿಗೆ ದೊರೆಯದು. ದಿನವೂ ಆಡುವ ನುಡಿಯ ಸವಿಯು ಅದರಿಂದ ದೂರವಾದಾಗಲೇ ತಿಳಿಯುವುದು.

ಆದುದರಿಂದ ಗೃಹಸ್ಥರು ವರ್ಷಕ್ಕೊಮ್ಮೆಯಾದರೂ, ಕೈಲಾದಷ್ಟು ದೂರ, ಮಡದಿಮಕ್ಕಳೊಡನೆ ಹೊರಡುವುದು ಲೇಸು. ಗಂಟುಮೂಟೆ ಹಗುರವಿರಲಿ. ಹತ್ತು ಕ್ಷೇತ್ರಗಳನ್ನು ಓಡೋಡಿ ನೋಡುವುದಕ್ಕಿಂತ ಒಂದೆಡೆ ಮೂರು ದಿನ ತಂಗಿ, ಅಲ್ಲಿಯವರ ಅನ್ನವನ್ನುಂಡು, ಅವರ ನಾಲ್ಕು ಮಾತುಗಳನ್ನು ಕಲಿಯುವುದು ಮೇಲು. ದುಡ್ಡು ಸಾಲದಿದ್ದರೆ ಪಕ್ಕದ ಜಿಲ್ಲೆಯೂ ಸಾಕು. ಕಾಲಿನಲ್ಲಿ ಬಲವಿರುವಾಗ ಕಂಡದ್ದು ಮುಂದೆ ಮನೆಯ ಜಗಲಿಯ ಮೇಲೆ ಕುಳಿತಾಗಲೂ ಬುತ್ತಿಯಾಗಿ ಒದಗುವುದು.