ಹಾಡಿನಲ್ಲಿ ಉಳಿದ ಹಲಗಲಿ

ಬಾಗಲಕೋಟೆ ಜಿಲ್ಲೆಯ ಗುಡೂರಿನ ಸೀಮೆಯಲ್ಲಿ ಹೊತ್ತು ಮುಳುಗಿತೆಂದರೆ ಮಗ್ಗಗಳ ಸದ್ದು ಅಡಗುತ್ತದೆ. ಜಾತ್ರೆಯ ರಾತ್ರಿಯಾದರೆ ಗುಡಿಯ ಮುಂದೆ ಜಮಖಾನ ಹಾಸಿ ಗೀಗೀ ಮೇಳಕ್ಕೆ ಜಾಗ ಮಾಡುತ್ತಾರೆ. ದಪ್ಪು ಹಿಡಿದವರು ಮುಂದೆ, ತುಂತುಣಿಯವರು ಹಿಂದೆ. ತುಂತುಣಿ ನೋಡಲು ಚಿಕ್ಕದು: ಪೊಳ್ಳು ಕೊಳವೆ, ತಳಕ್ಕೆ ಬಿಗಿದ ಚರ್ಮ, ಅದರ ನಡುವಿನಿಂದ ಹೊರಟು ಕೋಲಿನ ತುದಿ ಸೇರುವ ಒಂದೇ ತಂತಿ. ಆ ಒಂಟಿ ತಂತಿ ಮಿಡಿಯುತ್ತಿದ್ದಂತೆ ಮುಂದಾಳು ಒಂದು ಕೈ ಕಿವಿಗೆ ಕೊಟ್ಟು ದನಿ ಏರಿಸುತ್ತಾನೆ. ಹಿಮ್ಮೇಳ ಎತ್ತಿಕೊಳ್ಳುತ್ತದೆ. "ಹಲಗಲಿ ಬೇಡರದು ಹಾಡ್ರೀ" ಎಂದು ಯಾರಾದರೂ ಕೂಗುವುದೇ ತಡ, ರುಮಾಲು ಸುತ್ತಿದ ಹಿರಿಯರು ನೆಟ್ಟಗೆ ಕೂಡುತ್ತಾರೆ.

ಹಲಗಲಿ ಇದೇ ಜಿಲ್ಲೆಯ ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಹತಾರ ಒಪ್ಪಿಸಬೇಕೆಂದು ಕಂಪನಿ ಸರ್ಕಾರ ಹುಕುಂ ಹೊರಡಿಸಿತು. ಬೇಟೆ, ಕಾವಲು, ದಂಡಿನ ಚಾಕರಿಯಲ್ಲಿ ಬದುಕಿದ ಬೇಡರಿಗೆ ಹತಾರ ಬಿಡುವುದೆಂದರೆ ಅನ್ನವನ್ನೂ ಮಾನವನ್ನೂ ಬಿಡುವುದು. ಜಡಗ, ಬಾಲ, ಹನುಮ, ರಾಮರ ಮುಂದಾಳ್ತನದಲ್ಲಿ ಊರು ಒಲ್ಲೆನೆಂದಿತು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6 ಮಂದಿಯನ್ನು ನೇಣಿಗೇರಿಸಿದರು. ಲಾವಣಿಕಾರರು ಇದನ್ನೆಲ್ಲ ಬಾಯಿಂದ ಬಾಯಿಗೆ ದಾಟಿಸಿದರು. ಮುಂದೆ ಆ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದವರು ಇಂಗ್ಲಿಷ್ ಸರ್ಕಾರದ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್.

ಹಾಡು ಇಷ್ಟು ಗಟ್ಟಿಯಾಗಿ ಹೇಳಿದ ಬೇಡರ ಹೆಸರು ಸರ್ಕಾರದ ಕಾಗದಕ್ಕೆ ಬರಲು ತಡವಾಯಿತು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯ್ಕಡ, ನಾಯಕ ಎಂಬ ಹೆಸರುಗಳಿದ್ದವು. ಬೇಡ, ಬೇಡರ್, ವಾಲ್ಮೀಕಿ ಸೇರಿದ್ದು 1991ರಲ್ಲಿ. ಪರಿವಾರ, ತಳವಾರ ಎನಿಸಿಕೊಂಡವರು 2020ರವರೆಗೆ ಕಾಯಬೇಕಾಯಿತು. ಒಂದು ಹೆಸರು ಪಟ್ಟಿಯಲ್ಲಿಲ್ಲ ಎಂದರೆ ನಾಡಕಚೇರಿಯ ಕಿಟಕಿಯಿಂದ ಜಾತಿ ಪ್ರಮಾಣಪತ್ರದ ಅರ್ಜಿ ತಿರುಗಿ ಬರುತ್ತದೆ. ಮಗಳ ಹಾಸ್ಟೆಲ್ ಸೀಟು, ಮಗನ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತವೆ. 2022ರಲ್ಲಿ ಕರ್ನಾಟಕ ಪಂಗಡಗಳ ಮೀಸಲಾತಿಯನ್ನು ಶೇಕಡ 3ರಿಂದ 7ಕ್ಕೆ ಏರಿಸಿತು. ಅದೂ ಧರಣಿ ಕೂತು, ಪಾದಯಾತ್ರೆ ನಡೆದು ದಕ್ಕಿಸಿಕೊಂಡದ್ದೇ.

ಅಮೆರಿಕದ ಉತ್ತರ ಕೆರೊಲಿನಾದ ಲಂಬೀ ಜನರದೂ ಇಂಥದೇ ಪಾಡು. ರಾಜ್ಯ ಸರ್ಕಾರ ಅವರನ್ನು 1885ರಲ್ಲೇ ಮೂಲನಿವಾಸಿಗಳೆಂದು ಒಪ್ಪಿತು. 1956ರ ಕೇಂದ್ರ ಕಾಯ್ದೆ ಹೆಸರನ್ನು ಒಪ್ಪಿ, ಸೌಲಭ್ಯವನ್ನು ತಡೆಹಿಡಿಯಿತು. ಪೂರ್ಣ ಮಾನ್ಯತೆ ಸಿಕ್ಕಿದ್ದು 2025ರ ಡಿಸೆಂಬರಿನಲ್ಲಿ. ಅವರಿಗೂ ಒಬ್ಬ ಜಡಗನಿದ್ದಾನೆ: ಅಂತರ್ಯುದ್ಧದ ಕಾಲದಲ್ಲಿ ಬಿಳಿಯರ ದಬ್ಬಾಳಿಕೆಗೆ ತಿರುಗಿಬಿದ್ದ ಹೆನ್ರಿ ಬೆರಿ ಲೌರಿ. ಅವನ ಕಥೆಯನ್ನು ಅವರು ಬಯಲು ರಂಗದಲ್ಲಿ ನಾಟಕವಾಗಿ ಆಡಿದ್ದಾರೆ.

ಕಚೇರಿ ಕೊಡುವ ಪ್ರಮಾಣಪತ್ರ ಬೇಕೇ ಬೇಕು. ಅದು ಹಕ್ಕು, ದಾನವಲ್ಲ. ಆದರೆ ಆ ಹಕ್ಕನ್ನು ತಲೆ ಎತ್ತಿ ಕೇಳುವ ಛಲ ಇಂಥ ಹಾಡುಗಳಿಂದ ಬಂದದ್ದು. ಆದ್ದರಿಂದ ಗೀಗೀ ಮೇಳಗಳು ಜಾತ್ರೆಯ ರಾತ್ರಿಗೆ ಮಾತ್ರ ಉಳಿಯಬಾರದು. ಗುಡೂರು, ಹುನಗುಂದ, ಬಾದಾಮಿಯ ಶಾಲೆಗಳು ಮೇಳದವರನ್ನು ಕರೆಸಲಿ, ಸಂಭಾವನೆ ಕೊಡಲಿ, ಮಕ್ಕಳ ಕೈಗೆ ದಪ್ಪು ಕೊಡಿಸಲಿ. ಪ್ರಮಾಣಪತ್ರ ಪಡೆಯುವ ಮಗು ಆ ಹೆಸರಿನ ಹಿಂದಿರುವ 19 ಜೀವಗಳ ಕಥೆಯನ್ನೂ ಬಲ್ಲದಾಗಬೇಕು.